ಕನ್ನಡಿ ನೋಡಿ ಹೊಲಿದ ಕರುಳು

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಕರುಳಮ್ಮ ಎಂದು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಬೆಳಗಾದರೆ ಸಾಕು, ಗುಲಾಬಿ ಬಟ್ಟೆಯ ಕರುಳನ್ನು ಮಾರುಗಟ್ಟಲೆ ಹೊಲಿದು, ಹತ್ತಿ ತುಂಬಿ, ಕಿಟಕಿಯ ಸರಳಿಗೆ ತೂಗುಹಾಕುವ ಹೆಂಗಸಿಗೆ ಬೇರೆ ಯಾವ ಹೆಸರು ತಾನೇ ನಿಂತೀತು? ಕೆಳಗಿನ ಅಂಗಡಿಯ ಟೈಲರ್ ಒಮ್ಮೆ ಮೇಲೆ ನೋಡಿ, "ಏನ್ ಕರುಳಮ್ಮ, ಇವತ್ತಿನ ಕರುಳು ಒಣಗ್ತಾ?" ಎಂದು ಕೂಗಿದ. ಅಷ್ಟೇ, ಹೆಸರು ಅಂಟಿಕೊಂಡಿತು. ಅವಳೂ ಬೇಜಾರು ಮಾಡಿಕೊಳ್ಳಲಿಲ್ಲ, ನಕ್ಕು ಹೊಟ್ಟೆಗೆ ಹಾಕಿಕೊಂಡಳು.

ಅವಳು ಹೊಲಿಯುತ್ತಿದ್ದದ್ದು ಶಾಲೆಗಳಿಗೆ ಬೇಕಾದ ಪಾಠದ ಏಪ್ರನ್. ಮಗುವೊಂದು ಅದನ್ನು ಕೊರಳಿಗೆ ಹಾಕಿಕೊಂಡು ತರಗತಿಯ ಮುಂದೆ ನಿಂತರೆ ಆಯಿತು, ಒಳಗಿದ್ದ ಹೊಟ್ಟೆಯೆಲ್ಲ ಹೊರಗೆ ಕಾಣುತ್ತದೆ. ಒಂದೊಂದು ಅಂಗವನ್ನೂ ಟಿಚ್ ಬಟನ್ನಿನಿಂದ ಬಿಚ್ಚಬಹುದು, ಮತ್ತೆ ಕೂರಿಸಬಹುದು. ಟೈಲರನ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳ ಮೆಷಿನ್, ಹತ್ತಿಯ ಮೂಟೆ, ಗೋಡೆಯಲ್ಲಿ ಬಣ್ಣ ಮಾಸಿದ ಜೀರ್ಣಾಂಗಗಳ ಪಟ, ಪಟದ ಪಕ್ಕದಲ್ಲೇ ಆಳೆತ್ತರದ ಒಂದು ಕನ್ನಡಿ. ಮಧ್ಯಾಹ್ನ ಬಿಸಿಲು ಕಿಟಕಿಯಿಂದ ಒಳಗೆ ಬಂದಾಗ ತೂಗುಬಿಟ್ಟ ಕರುಳುಗಳ ನೆರಳು ನೆಲದ ಮೇಲೆ ಸುಮ್ಮನೆ ತೇಲುತ್ತಿತ್ತು. ಅದನ್ನು ನೋಡುತ್ತ ಕೂತರೆ ಅವಳಿಗೆ ಊಟದ ಹೊತ್ತು ಮೀರಿದ್ದೂ ತಿಳಿಯುತ್ತಿರಲಿಲ್ಲ. ಹೊಟ್ಟೆಯ ಕೆಲಸ ಮಾಡುವವಳಿಗೆ ಹೊಟ್ಟೆಯ ಪರಿವೆಯೇ ಇಲ್ಲ ಎಂದು ಮಗಳು ರೇಗಿಸುತ್ತಿದ್ದಳು.

ಕೆಲಸದಲ್ಲಿ ಮಾತ್ರ ಅವಳು ಬಲು ಗಟ್ಟಿಗಿತ್ತಿ. ಅನ್ನನಾಳಕ್ಕೆ ಉದ್ದನೆಯ ಕಾಲುಚೀಲವೇ ಆಗಬೇಕು, ಏಕೆಂದರೆ ಅದು ಹಿಗ್ಗಬೇಕು, ಕುಗ್ಗಬೇಕು. ಒಂದು ಗೋಲಿ ಹಾಕಿ ಮೇಲಿನಿಂದ ಬೆರಳಲ್ಲಿ ಹಿಂಡುತ್ತ ಬಂದರೆ ಗೋಲಿ ಮೆಲ್ಲಗೆ ಕೆಳಗಿಳಿಯಬೇಕು. ತುತ್ತು ತಾನಾಗಿ ಜಾರಿ ಬೀಳುವುದಿಲ್ಲ, ನಾಳವೇ ಅದನ್ನು ಹಿಂಡಿ ಹಿಂಡಿ ದೂಡುತ್ತದೆ ಎಂದು ಮಕ್ಕಳಿಗೆ ಕೈಯಾರೆ ತಿಳಿಯಬೇಕು. ಜಠರಕ್ಕೆ ದಪ್ಪ ಬಟ್ಟೆ, ಒಳಗೆಲ್ಲ ಮಡಿಕೆಗಳು. ಹೊಟ್ಟೆ ತುಂಬಿದರೆ ಮಡಿಕೆ ಬಿಚ್ಚಿಕೊಳ್ಳುತ್ತದೆ, ಖಾಲಿಯಾದರೆ ಮುದುಡಿಕೊಳ್ಳುತ್ತದೆ. ಒಳಮೈಗೆ ಜಾರುವಂಥ ಲೈನಿಂಗ್ ಹಾಕುತ್ತಿದ್ದಳು. ಜಠರ ತನ್ನ ಹುಳಿಯಲ್ಲಿ ತಾನೇ ಬೇಯಬಾರದೆಂದು ಬಳಿದುಕೊಳ್ಳುವ ಲೋಳೆಯಂತೆ ಅದು. ಯಕೃತ್ತಿಗೆ ಕಂದುಗೆಂಪು ಉಣ್ಣೆ ಬಟ್ಟೆ, ಅದರ ಮಡಿಲಲ್ಲಿ ಪಿತ್ತಕೋಶದ ಪುಟ್ಟ ಹಸಿರು ಚೀಲ. ಜಠರದ ಹಿಂದೆ ಅವಿತು ಕೂತ ಮೇದೋಜೀರಕಕ್ಕೆ ಹಳದಿ ಬಟ್ಟೆ.

ಸಣ್ಣ ಕರುಳೆಂದರೆ ಅವಳಿಗೆ ಪ್ರಾಣ. ಹೊರಗೆ ಗುಲಾಬಿ ಸ್ಯಾಟಿನ್, ಒಳಗೆ ಮಖಮಲ್ಲು. ಬೆರಳು ತೂರಿಸಿದರೆ ಮೆತ್ತಗೆ ರೋಮ ರೋಮ ಹತ್ತುತ್ತದೆ. ಉಂಡದ್ದರ ಸಾರವೆಲ್ಲ ಆ ರೋಮಗಳ ಮೂಲಕವೇ ರಕ್ತಕ್ಕೆ ಸೇರುವುದು. ದೊಡ್ಡ ಕರುಳಿಗೆ ಟವೆಲ್ ಬಟ್ಟೆ, ಉಳಿದ ನೀರನ್ನು ಹೀರಿಕೊಳ್ಳುವುದು ಅದರ ಕೆಲಸ ತಾನೇ? ಉದ್ದಕ್ಕೂ ದಾರ ಓಡಿಸಿ ಎಳೆದರೆ ಅದು ಗುಬುಟು ಗುಬುಟಾಗಿ ನೆರಿಗೆ ಕಟ್ಟುತ್ತಿತ್ತು. ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವ ಮೂಲೆಯಲ್ಲಿ, ಕೊಟ್ಟಕೊನೆಗೆ, ಹಳೆಯ ಕೈಗವಸಿನ ಕಿರುಬೆರಳೊಂದನ್ನು ಕತ್ತರಿಸಿ ಹೊಲಿಯುತ್ತಿದ್ದಳು. ಅದು ಅಪೆಂಡಿಕ್ಸ್.

ಈ ಹುಚ್ಚು ಅವಳಿಗೆ ಹಿಡಿದದ್ದು ಚಿಕ್ಕಂದಿನಲ್ಲಿ. ಅವ್ವನ ಹೊಲಿಗೆ ಡಬ್ಬಿಯಿಂದ ಒಂದು ನೀಲಿ ಗುಂಡಿಯನ್ನು ಎತ್ತಿ ಬಾಯಲ್ಲಿಟ್ಟುಕೊಂಡವಳು ಗುಳುಂ ಎಂದು ನುಂಗಿಬಿಟ್ಟಿದ್ದಳು. ಅವ್ವ ಬೆನ್ನಿಗೆ ಗುದ್ದಿದಳು, ಬೈದಳು, ಕೊನೆಗೆ "ಹೋದ ದಾರೀಲಿ ಹೋಗತ್ತೆ ಬಿಡು" ಎಂದು ಮೆಷಿನ್ ತುಳಿಯಲು ಕೂತಳು. ಆದರೆ ಆ ದಾರಿ ಯಾವುದು? ಅದನ್ನು ಯಾರೂ ಹೇಳಲಿಲ್ಲ. ಹುಡುಗಿ ಚಾಪೆಯ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿ ಗುಂಡಿಯ ಹಿಂದೆಯೇ ಹೊರಟಳು. ಬೆಚ್ಚಗಿನ ಕತ್ತಲೆ, ಒದ್ದೆ ಗೋಡೆ, ತಿರುವು, ಮತ್ತೆ ತಿರುವು. ಗುಂಡಿ ಹೊರಗೆ ಬಂತೋ ಇಲ್ಲವೋ ಯಾರೂ ನೋಡಲಿಲ್ಲ. ಅವಳಂತೂ ಆ ದಾರಿಯಿಂದ ವಾಪಸು ಬರಲೇ ಇಲ್ಲ ಅನ್ನಬೇಕು. ದೊಡ್ಡವಳಾಗಿ, ಮದುವೆಯಾಗಿ, ಕೈಗೂಸನ್ನು ಬಿಟ್ಟು ಗಂಡ ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದಾಗಲೂ ಅವಳು ಅದನ್ನು ಒಬ್ಬಳೇ ಅರಗಿಸಿಕೊಂಡಳು. ಕೆಲಸದ ನಡುವೆ ಕೈ ತಾನಾಗಿ ಹೊಲಿಯುತ್ತಿರುವಾಗ ಅವಳು ಮಾತ್ರ ಗುಂಡಿಯ ಜೊತೆ ಆ ಬೆಚ್ಚನೆಯ ಓಣಿಗಳಲ್ಲಿ ತಿರುಗುತ್ತಿರುತ್ತಿದ್ದಳು.

ಇಷ್ಟೆಲ್ಲ ಬಲ್ಲವಳು ಎಡವಿದ್ದೆಲ್ಲಿ ಎಂದು ಕೇಳಿ. ಕನ್ನಡಿಯಲ್ಲಿ!

ಮೊದಲ ಏಪ್ರನ್ ಹೊಲಿದಾಗ ಮಗಳು ಇನ್ನೂ ಅಂಬೆಗಾಲಿಡುವ ಕೂಸು. ತೊಡಿಸಿ ನೋಡಲು ಮನೆಯಲ್ಲಿ ಬೇರೆ ಯಾರಿದ್ದರು? ತಾನೇ ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತಳು. ಪಕ್ಕದಲ್ಲಿ ಪಟ. ಪಟದಲ್ಲಿ ಯಕೃತ್ತು ಈ ಕಡೆ ಇದೆಯೇ, ಕನ್ನಡಿಯಲ್ಲೂ ಈ ಕಡೆಗೇ ಪಿನ್ ಚುಚ್ಚು. ಅಪೆಂಡಿಕ್ಸ್ ಆ ಮೂಲೆಯಲ್ಲಿದೆಯೇ, ಕನ್ನಡಿಯಲ್ಲೂ ಆ ಮೂಲೆಗೇ ಚುಚ್ಚು. ಪಟಕ್ಕೂ ಕನ್ನಡಿಗೂ ಕೂದಲೆಳೆಯಷ್ಟು ವ್ಯತ್ಯಾಸ ಬರದಂತೆ ಕೂರಿಸಿ, ಆಹಾ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಪಟದ ಮನುಷ್ಯ ನಮ್ಮ ಎದುರಿಗೆ ಮುಖ ಮಾಡಿ ನಿಂತವನು, ಅವನ ಬಲಗೈ ನಮ್ಮ ಎಡಗಡೆಗೆ ಬರುತ್ತದೆ. ಕನ್ನಡಿಯೊಳಗಿನ ಹೆಂಗಸು ಹಾಗಲ್ಲ, ನಾವು ಎಡಗೈ ಎತ್ತಿದರೆ ಅವಳು ನಮ್ಮ ಎಡಗಡೆಯ ಕೈಯನ್ನೇ ಎತ್ತುತ್ತಾಳೆ. ಹೀಗಾಗಿ ಎಲ್ಲವೂ ಅದಲುಬದಲು. ಯಕೃತ್ತು ಎಡಕ್ಕೆ ಹೋಯಿತು, ಜಠರ ಬಲಕ್ಕೆ ವಾಲಿತು, ಅಪೆಂಡಿಕ್ಸ್ ಎಡಗಡೆಯ ಕೆಳಮೂಲೆಯಲ್ಲಿ ಹಾಯಾಗಿ ಕೂತಿತು. ಆ ಏಪ್ರನ್ನನ್ನೇ ಹಾಸಿ ಕಾಗದದ ಅಚ್ಚು ಕತ್ತರಿಸಿಕೊಂಡಳು. ಅಲ್ಲಿಂದಾಚೆ ಹೊಲಿದದ್ದೆಲ್ಲ ಅದೇ ಅಚ್ಚಿನಲ್ಲಿ.

ಯಾರೂ ಗುರುತಿಸಲಿಲ್ಲವೇ ಅಂದರೆ, ಒಬ್ಬ ಮೇಷ್ಟ್ರು ಗುರುತಿಸಿದ್ದರು. ಅಂಗಡಿಯಲ್ಲಿ ಏಪ್ರನ್ ಹರಡಿಕೊಂಡು ತಲೆ ಕೆರೆದುಕೊಂಡಿದ್ದರು.

"ಇದ್ಯಾಕೋ ಎಡ ಬಲ ಉಲ್ಟಾ ಆದಂಗಿದೆಯಲ್ಲಮ್ಮ?"

"ಎದುರಿಗೆ ನಿಂತು ನೋಡಿದ್ರೆ ಹಂಗೇ ಕಾಣ್ಸೋದು ಮೇಷ್ಟ್ರೇ," ಎಂದು ಅವಳು ನಕ್ಕಳು. "ಹಾಕ್ಕೊಂಡೋರ ಕಡೆಯಿಂದ ನೋಡಿ."

ಮೇಷ್ಟ್ರು ಒಮ್ಮೆ ತಿರುಗಿ ನಿಂತರು, ಒಮ್ಮೆ ಏಪ್ರನ್ ತಿರುಗಿಸಿದರು, ತಮ್ಮ ಎರಡು ಕೈಯನ್ನೂ ನೋಡಿಕೊಂಡರು. ಎದುರುಬದುರು ನಿಂತಾಗ ಎಡ ಯಾವುದು ಬಲ ಯಾವುದು ಎಂದು ಗೊಂದಲವಾಗದವರು ಯಾರಿದ್ದಾರೆ ಹೇಳಿ. "ಅದೂ ಸರೀನೇ ಬಿಡಿ," ಎಂದು ಚೀಲಕ್ಕೆ ತುರುಕಿಕೊಂಡು ಹೋದರು.

ಮಗಳು ಆ ಏಪ್ರನ್ನುಗಳ ನಡುವೆಯೇ ಬೆಳೆದಳು. ತೊದಲು ಮಾತಾಡುವಾಗ ನೆಲ ಗುಡಿಸುವಷ್ಟು ಉದ್ದದ ಏಪ್ರನ್ ತೊಟ್ಟು, ಮೆಟ್ಟಿಲ ಮೇಲೆ ನಿಂತು, ಕೆಳಗಿನ ಗಿರಾಕಿಗಳಿಗೆ "ಇದು ಲಿವಲ್ಲು, ಇದು ಅಪೆಂಡಿಚ್ಚು" ಎಂದು ಪಾಠ ಹೇಳುತ್ತಿದ್ದಳು. ಟೈಲರ್ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದ. ಈಗ ಅವಳು ಹೈಸ್ಕೂಲಿನ ಕೊನೆಯ ತರಗತಿ, ತಾಯಿಗಿಂತ ಒಂದು ಗೇಣು ಎತ್ತರ. ಕರುಳಮ್ಮನಿಗೆ ಲೋಕದಲ್ಲಿ ಇದ್ದವಳು ಅವಳೊಬ್ಬಳೇ. ಬಾಯಿಬಿಟ್ಟು ಮುದ್ದು ಮಾಡುವ ಜಾತಿಯಲ್ಲ ತಾಯಿ, ಆದರೆ ಮಗಳು ಮನೆಗೆ ಬರುವುದು ಚೂರು ತಡವಾದರೂ ಅವಳ ಕರುಳು ಚುರುಕ್ಕೆನ್ನುತ್ತಿತ್ತು.

ಒಂದು ದಿನ ಮಧ್ಯಾಹ್ನ ಮಗಳು ಶಾಲೆಯಿಂದ ಬೇಗ ಬಂದಳು. ಚೀಲ ಬಿಸಾಕಿ ಹತ್ತಿಯ ಮೂಟೆಗೆ ಒರಗಿ ಮೊಣಕಾಲು ಮಡಚಿಕೊಂಡಳು. ಬಿಸಿಲು ಬಂದಿತ್ತು, ನೆಲದ ಮೇಲೆ ಕರುಳಿನ ನೆರಳು ತೇಲುತ್ತಿತ್ತು. ತಾಯಿ ಗುಂಡಿಯ ಜೊತೆ ಎಲ್ಲೋ ಮಖಮಲ್ಲಿನ ಓಣಿಯಲ್ಲಿದ್ದಳು.

"ಅಮ್ಮ, ಹೊಟ್ಟೆ ನೋಯ್ತಿದೆ."

"ಎಲ್ಲಿ ಪುಟ್ಟಿ?"

"ಮೊದ್ಲು ಹೊಕ್ಕಳ ಹತ್ರ ಇತ್ತು. ಈಗ ಇಲ್ಲಿ." ಬಲಗಡೆ, ಕೆಳಗೆ, ಸೊಂಟದ ಮೂಳೆಯ ಹತ್ತಿರ ಕೈಯಿಟ್ಟು ತೋರಿಸಿದಳು.

ತಾಯಿ ಮೆಷಿನ್ ನಿಲ್ಲಿಸಿ, ಎದ್ದು ಬಂದು, ಮಗಳ ಪಕ್ಕದಲ್ಲಿ ಕೂತು ಬೆರಳಿಂದ ಮುಟ್ಟಿ ನೋಡಿದಳು. ಎದೆಯಲ್ಲಿ ಎದ್ದಿದ್ದ ಭಯ ಅಲ್ಲೇ ತಣ್ಣಗಾಯಿತು.

"ಸದ್ಯ, ಬಲಗಡೆ ತಾನೇ? ಹೆದರ್ಕೋಬೇಡ. ಎಡಗಡೆ ಆಗಿದ್ರೆ ಅಪೆಂಡಿಕ್ಸ್ ಅಂತ ನನ್ನ ಜೀವಾನೇ ಬಾಯಿಗೆ ಬರ್ತಿತ್ತು. ಬಲಗಡೆ ದೊಡ್ಡ ಕರುಳು ಕೆಳಗಿಳಿಯೋ ಜಾಗ ಕಣೇ, ಹೊರಗೆ ಹೋಗ್ಬೇಕಾಗಿದ್ದು ಅಲ್ಲಿ ಕಟ್ಕೊಂಡಿರತ್ತೆ. ನೀರು ಕುಡಿ ಅಂತ ಬಡ್ಕೋತೀನಿ, ಕುಡೀತೀಯಾ ನೀನು?"

ಬಿಸಿನೀರಿನ ಚೀಲ ತಂದು ಇಟ್ಟಳು. ಸಂಜೆಗೆ ಹರಳೆಣ್ಣೆ ಕುಡಿಸಿದಳು. ಮಗಳು ಮುಖ ಕಿವುಚಿಕೊಂಡು ನುಂಗಿದಳು, ಮರುಗಳಿಗೆಯೇ ಪೂರಾ ವಾಂತಿ ಮಾಡಿಕೊಂಡಳು. ಆ ಎಣ್ಣೆ ಕರುಳನ್ನು ಕೆರಳಿಸಿ ಇನ್ನೂ ಕೆಡುಕು ಮಾಡುವ ಮೊದಲೇ ಹೊರಬಂದದ್ದು ಎಂಥ ಪುಣ್ಯ ಎಂದು ತಾಯಿಗೆ ಆಮೇಲೆ ತಿಳಿಯಿತು. ಆಗ ಮಾತ್ರ ನೆಲ ಒರೆಸುತ್ತ ಗೊಣಗಿದಳು. ಬೆಳಗಾಗುವಷ್ಟರಲ್ಲಿ ಮಗಳ ಮೈ ಕಾದ ಕಾವಲಿಯಾಗಿತ್ತು. ಎದ್ದು ನಿಲ್ಲಲು ಹೋದವಳು ನೆಟ್ಟಗಾಗಲಾರದೆ ಬಲಕ್ಕೆ ಬಾಗಿ ಗೋಡೆ ಹಿಡಿದಳು. ಅಂಗಡಿ ಬಾಗಿಲು ತೆಗೆಯುತ್ತಿದ್ದ ಟೈಲರ್ ಮೇಲೆ ಬಂದು ನೋಡಿದವನು, "ಏನ್ ನೋಡ್ತಾ ನಿಂತಿದೀಯ ತಾಯಿ, ನಡಿ!" ಎಂದು ಓಡಿಹೋಗಿ ಆಟೋ ಕರೆತಂದ.

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನಿದ್ದೆಗೆಟ್ಟ ಕಣ್ಣಿನವಳು. ಹುಡುಗಿಯ ಬಲಗಡೆ ಕೆಳಹೊಟ್ಟೆಯನ್ನು ಮೆಲ್ಲಗೆ ಒತ್ತಿ ಫಟ್ಟನೆ ಕೈ ತೆಗೆದಳು. ಹುಡುಗಿ ಚೀರಿದಳು.

"ಅಪೆಂಡಿಕ್ಸ್. ಇವತ್ತೇ ತೆಗೀಬೇಕು."

"ಅಯ್ಯೋ ಇಲ್ಲ ಡಾಕ್ಟ್ರೇ," ಎಂದಳು ಕರುಳಮ್ಮ. ಅವಳ ದನಿಯಲ್ಲಿ ಜಗಳವಿರಲಿಲ್ಲ. ದಾರಿ ತಪ್ಪಿದವರಿಗೆ ಬೀದಿ ತೋರಿಸುವವರ ಹಾಗೆ ಹೇಳಿದಳು. "ಅಪೆಂಡಿಕ್ಸ್ ಇರೋದು ಎಡಗಡೆ. ನೀವು ಎದುರಿಗೆ ನಿಂತಿದೀರಲ್ಲ, ಅದಕ್ಕೆ ಹಂಗೆ ಕಾಣ್ತಿದೆ. ನಾನು ದಿನಾ ಹೊಲಿಯೋದು ಅದನ್ನೇ."

ಡಾಕ್ಟರಮ್ಮ ನಗಲಿಲ್ಲ, ರೇಗಲೂ ಇಲ್ಲ. ಹುಡುಗಿಯ ಕಡೆ ಬಾಗಿ ಕೇಳಿದಳು, "ಯಾವ ಕೈಯಲ್ಲಿ ಊಟ ಮಾಡ್ತೀಯಮ್ಮ? ಎತ್ತು ನೋಡೋಣ."

ಮಗಳು ಬಲಗೈ ಎತ್ತಿದಳು.

"ಆ ಕೈ ಕಡೇನೇ ಅಮ್ಮ, ಅಪೆಂಡಿಕ್ಸು. ನಿಮಗೂ ಅಷ್ಟೇ, ನನಗೂ ಅಷ್ಟೇ. ಎದುರಿಗೆ ನಿಂತ್ರೂ ಅದೇ, ಹಿಂದೆ ನಿಂತ್ರೂ ಅದೇ."

ಕರುಳಮ್ಮ ತನ್ನ ಬಲಗೈ ನೋಡಿಕೊಂಡಳು. ಆಮೇಲೆ ಮಗಳ ಕೈ ನೋಡಿದಳು. ಮೊದಲ ಏಪ್ರನ್, ಪಕ್ಕದ ಪಟ, ಕನ್ನಡಿಯೊಳಗೆ ಪಿನ್ನು ಕಚ್ಚಿಕೊಂಡು ಹಿಗ್ಗುತ್ತ ನಿಂತಿದ್ದ ತನ್ನದೇ ಮುಖ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಟೈಲರ್ ಅವಳ ತೋಳು ಹಿಡಿದು ಹೊರಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದ.

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಆಸ್ಪತ್ರೆಯ ಓಣಿ ಉದ್ದಕ್ಕಿತ್ತು, ಗೋಡೆಗೆ ತಿಳಿಗುಲಾಬಿ ಬಣ್ಣ ಬಳಿದಿದ್ದರು. ಅವಳು ಕಣ್ಣು ಮುಚ್ಚಿದಳು. ಎಂದಿನ ಹಾಗೆ ನೀಲಿ ಗುಂಡಿ ಮುಂದೆ ಮುಂದೆ ಉರುಳಿತು, ಅವಳು ಹಿಂದೆ ಹಿಂದೆ ನಡೆದಳು. ಆದರೆ ಈ ಸಲ ಅದು ಮಗಳ ಹೊಟ್ಟೆ. ಉಸಿರಿನ ದಾರಿಯ ಮೇಲಿನ ಮುಚ್ಚಳ ದಾಟಿ, ಹಿಂಡುವ ನಾಳದಲ್ಲಿ ಇಳಿದು, ಜಠರದ ಬಾಗಿಲಿಗೆ ಬಂದಳು. ಜಠರ ಖಾಲಿಯಿತ್ತು, ಮಡಿಕೆಗಳೆಲ್ಲ ಮುದುಡಿಕೊಂಡಿದ್ದವು. ಪಾಪ, ನಿನ್ನೆಯಿಂದ ಮಗು ಏನೂ ತಿಂದಿಲ್ಲ ಎಂದು ಅಲ್ಲೇ ಅವಳಿಗೆ ದುಃಖ ಉಕ್ಕಿತು. ಹಸಿರು ಪಿತ್ತ ತೊಟ್ಟಿಕ್ಕುವ ತಿರುವು ದಾಟಿ ಮಖಮಲ್ಲಿನ ಓಣಿ ಹೊಕ್ಕಳು. ಎಷ್ಟು ನಡೆದರೂ ಮುಗಿಯದ ಓಣಿ. ಒಂದೊಂದು ರೋಮವೂ ತಲೆತೂಗಿ ಕೇಳುವ ಹಾಗಿತ್ತು: ಎಲ್ಲಿಗೆ ಹೊರಟೆ?

ಮೂಲೆ ಬಂತು. ಅಲ್ಲೇ ಆ ಕಿರುಬೆರಳಿನಷ್ಟು ಗಾತ್ರದ್ದು ಇರಬೇಕು. ಅವಳು ರೂಢಿಯಂತೆ ಎಡಕ್ಕೆ ಹೊರಳಿದಳು. ಅಲ್ಲಿ ಏನೂ ಇರಲಿಲ್ಲ. ತನ್ನ ಕೈಯಾರೆ ಹೊಲಿದ ಊರಿನಲ್ಲಿ ತಾನೇ ದಾರಿ ತಪ್ಪಿ ನಿಂತಿದ್ದಳು. ಎಲ್ಲೋ ಬಲಗಡೆಯಿಂದ, ಗೋಡೆಯಾಚೆಯಿಂದ, ಮಗಳು "ಅಮ್ಮ, ಇಲ್ಲಿ, ಇಲ್ಲಿ" ಎಂದು ಕರೆಯುತ್ತಿದ್ದಳು. ಗುಂಡಿ ಕಾಣದಾಯಿತು. "ಬಂದೆ ಪುಟ್ಟಿ, ಬಂದೆ" ಎಂದು ಅವಳು ಬಾಯಿಬಿಟ್ಟೇ ಕೂಗಿದಳಂತೆ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು ಎಂದು ಟೈಲರ್ ಆಮೇಲೆ ಹೇಳಿದ.

ಡಾಕ್ಟರಮ್ಮ ಹೊರಗೆ ಬಂದಾಗ ಅವಳ ಮುಖವಸ್ತ್ರ ಗಲ್ಲದ ಕೆಳಗೆ ಜಾರಿತ್ತು. "ಚೂರು ತಡ ಆಗಿದ್ರೆ ಒಡೆದುಹೋಗ್ತಿತ್ತು. ಒಡೆದಿಲ್ಲ. ಹುಡುಗಿ ಚೆನ್ನಾಗಿದಾಳೆ." ಕರುಳಮ್ಮ ಅವಳ ಎರಡೂ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತಳು.

ಆಪರೇಷನ್ ಆದ ಮೇಲೆ ಕರುಳು ಸ್ವಲ್ಪ ಹೊತ್ತು ಮುನಿಸಿಕೊಂಡಂತೆ ಸುಮ್ಮನಾಗಿಬಿಡುತ್ತದಂತೆ. ಅದು ಮತ್ತೆ ಅಲುಗಾಡಬೇಕು, ಆಮೇಲೆಯೇ ಹೊಟ್ಟೆ ತುಂಬ ಊಟ. ಹೀಗಾಗಿ ನರ್ಸ್ ಬಂದಾಗಲೆಲ್ಲ ಕೇಳುತ್ತಿದ್ದದ್ದು ಒಂದೇ, "ಗ್ಯಾಸ್ ಹೋಯ್ತಾ?" ಪಕ್ಕದ ಹಾಸಿಗೆಯ ಅಜ್ಜಿಯೂ ಕೇಳಿದಳು, ನೋಡಲು ಬಂದ ಟೈಲರೂ ನಾಚುತ್ತ ನಾಚುತ್ತ ಕೇಳಿದ. ಮಗಳು ನಾಚಿಕೆಗೆ ಹೊದಿಕೆ ಮುಖಕ್ಕೆಳೆದುಕೊಂಡಳು. ಕರುಳಮ್ಮ ಮಾತ್ರ ಮಗಳ ಹೊಟ್ಟೆಯ ಎಡಗಡೆಗೆ, ನೋಯದ ಕಡೆಗೆ, ಕಿವಿಯಿಟ್ಟು ಕೂತಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ದೂರದಲ್ಲಿ ಯಾರೋ ಕೊಡದಿಂದ ನೀರು ಬಗ್ಗಿಸಿದ ಹಾಗೆ ಗುಳುಗುಳು ಎಂದಿತು. ಹತ್ತಿ ತುಂಬಿದ ಕರುಳಿನ ಜೊತೆಗೇ ಆಯುಸ್ಸು ಕಳೆದವಳು ನಿಜವಾದ ಕರುಳಿನ ದನಿ ಕೇಳಿದ್ದು ಅದೇ ಮೊದಲು. ಅದಾದ ಸ್ವಲ್ಪ ಹೊತ್ತಿಗೆ ವಾರ್ಡಿಗೆಲ್ಲ ಕೇಳುವಂತೆ ಒಂದು ಸದ್ದಾಯಿತು. ಅಜ್ಜಿ ಚಪ್ಪಾಳೆ ತಟ್ಟಿದಳು.

ಮನೆಗೆ ಬಂದವಳೇ ಕರುಳಮ್ಮ ಕಾಗದದ ಅಚ್ಚನ್ನು ಚೂರುಚೂರು ಮಾಡಿದಳು. ಹೊಲಿದಿಟ್ಟಿದ್ದ ಏಪ್ರನ್ನುಗಳನ್ನು ರಾಶಿ ಹಾಕಿಕೊಂಡು ಬಿಚ್ಚಲು ಕೂತಳು. ಟೈಲರ್ ತಲೆ ಚಚ್ಚಿಕೊಂಡ.

"ಆ ಒಂದು ಕಿರುಬೆರಳಿಗೆ ಇಷ್ಟೊಂದು ರಾದ್ಧಾಂತನಾ? ಇಷ್ಟು ವರ್ಷ ಯಾರೂ ಕೇಳಿಲ್ಲ. ಇನ್ನು ಮೇಲೆ ಸರಿಯಾಗಿ ಹೊಲಿ, ಮುಗೀತು."

"ಆ ಕಿರುಬೆರಳು ನನ್ನ ಮಗಳನ್ನ ನುಂಗಿ ನೀರು ಕುಡೀತಿತ್ತು ಟೈಲರಣ್ಣ. ಶಾಲೇಲಿ ಇದನ್ನ ನೋಡಿ ಕಲಿತ ಮಕ್ಕಳು ಎಷ್ಟೋ. ಅವರ ಮನೇಲೂ ಯಾರಾದ್ರೂ ಬಲಗಡೆ ನೋವು ಅಂದ್ರೆ?"

ಮಾರಿದ್ದನ್ನೆಲ್ಲ ವಾಪಸು ತರಲು ಅವಳು ಶಾಲೆ ಶಾಲೆ ಅಲೆದಳು. ಕೆಲವರು ನಕ್ಕರು, ಕೆಲವರು ಮುಖಕ್ಕೆ ಹೊಡೆದ ಹಾಗೆ ಮಾತಾಡಿದರು, ಒಂದು ಕಡೆ ಏಪ್ರನ್ನನ್ನು ಕರಿಹಲಗೆ ಒರೆಸಲು ಹಚ್ಚಿದ್ದರು. ಹಿಂದೆ ಅನುಮಾನ ಪಟ್ಟಿದ್ದ ಮೇಷ್ಟ್ರು ಮಾತ್ರ ಅವಳನ್ನು ಕಂಡೊಡನೆ ಎದ್ದು ನಿಂತರು. "ನಾನಾದ್ರೂ ಆವತ್ತೇ ಪಟ್ಟು ಹಿಡೀಬೇಕಿತ್ತಮ್ಮ," ಎಂದು ಏಪ್ರನ್ನನ್ನು ಮಡಿಸಿ ಕೊಟ್ಟರು. ಕನ್ನಡಿಯನ್ನು ಅವಳು ಕೆಳಗಿನ ಅಂಗಡಿಗೆ ಸಾಗಿಸಿದಳು.

ಎಲ್ಲರ ಮುಂದೆಯೂ ತಪ್ಪಾಯಿತು ಎಂದು ಹೇಳಿ ಬಂದವಳಿಗೆ ಮಗಳ ಮುಂದೆ ಮಾತ್ರ ಬಾಯಿ ಬರಲಿಲ್ಲ. ನುಂಗಲಾರದ ತುತ್ತು ಅದು. ಮಧ್ಯಾಹ್ನದ ಬಿಸಿಲಿನಲ್ಲಿ ಮಗಳು ಹತ್ತಿಯ ಮೂಟೆಗೆ ಒರಗಿ, ಬಿಚ್ಚಿದ ಅಂಗಗಳನ್ನು ಬಣ್ಣದ ಪ್ರಕಾರ ಬೇರೆ ಬೇರೆ ಮಾಡುತ್ತಿದ್ದಳು. ತಾಯಿ ದಾರ ಕಚ್ಚಿ ಹರಿಯುತ್ತ, ಮುಖ ಎತ್ತದೆ ಅಂದಳು:

"ಪುಟ್ಟಿ, ನಾನು ಬಲಗಡೆ ಏನೂ ಇಲ್ಲ ಅಂದೆ. ಎಣ್ಣೆ ಬೇರೆ ಕುಡಿಸಿದೆ. ನಾನೇ ನಿನ್ನ..."

"ಗೊತ್ತಮ್ಮ. ಡಾಕ್ಟರ್ ಕೈ ಎತ್ತಿಸಿದಾಗ್ಲೇ ಗೊತ್ತಾಯ್ತು."

ತಾಯಿ ಸೂಜಿ ಕೆಳಗಿಟ್ಟಳು.

"ನಿಂಗೊಂದು ಹೇಳಿಲ್ಲ ನಾನು," ಎಂದಳು ಮಗಳು. ಕೈಯಲ್ಲಿ ಹಸಿರು ಪಿತ್ತಕೋಶ ಹಿಡಿದು ಹಿಸುಕುತ್ತಿದ್ದಳು. "ನೋವು ಹಿಂದಿನ ದಿನಾನೇ ಶುರುವಾಗಿತ್ತು. ತುಂಬಾ ನೋಯ್ತಿತ್ತು. ಆದ್ರೆ ಬಲಗಡೆ ಅಲ್ವಾ ಅಂತ ಸುಮ್ನಿದ್ದೆ. ನೀನು ಹೊಲಿದಿದ್ದು ತಪ್ಪಿರಬಹುದು ಅಂತ ನಂಗೆ ಅನ್ನಿಸ್ಲೇ ಇಲ್ಲಮ್ಮ."

ಕರುಳಮ್ಮನ ಕರುಳು ಕಿತ್ತು ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಮುನಿದಿದ್ದರೆ ರಮಿಸುತ್ತಿದ್ದಳು. ಇಷ್ಟು ನಂಬಿಕೆಯನ್ನು ಎಲ್ಲಿ ಇಟ್ಟುಕೊಳ್ಳುವುದು? ಹಾಗೇ ಕೂತು ಕಣ್ಣೀರು ಸುರಿಸಿದಳು. ಮಗಳು ಗೋಡೆ ಹಿಡಿದು ಮೆಲ್ಲಗೆ ಎದ್ದು, ಅಂಗಗಳಿಲ್ಲದ ಬೋಳು ಏಪ್ರನ್ನೊಂದನ್ನು ಕೊರಳಿಗೆ ಹಾಕಿಕೊಂಡು ತಾಯಿಯ ಎದುರಿಗೆ ಬಂದು ನಿಂತಳು.

"ಅತ್ತಿದ್ದು ಸಾಕು. ಏಳಮ್ಮ, ಪಿನ್ ತಗೋ."

ತಾಯಿ ಸೆರಗಲ್ಲಿ ಮುಖ ಒರೆಸಿಕೊಂಡು ಮಂಡಿಯೂರಿದಳು. ಯಕೃತ್ತನ್ನು ಕೂರಿಸಿದಳು, ಜಠರವನ್ನು ಕೂರಿಸಿದಳು. ಒಂದೊಂದಕ್ಕೂ ತಲೆಯೆತ್ತಿ ಮಗಳ ಮುಖ ನೋಡುತ್ತಿದ್ದಳು. ಮಖಮಲ್ಲಿನ ಕರುಳನ್ನು ಸುತ್ತಿ ಸುತ್ತಿ ಇಟ್ಟಳು, ಅದರ ಸುತ್ತ ದೊಡ್ಡ ಕರುಳನ್ನು ಬಳಸಿದಳು. ಕೊನೆಗೆ ಕೈಗವಸಿನ ಕಿರುಬೆರಳು ಉಳಿಯಿತು. ಅವಳ ಕೈ ಅನುಮಾನದಿಂದ ಗಾಳಿಯಲ್ಲೇ ನಿಂತಿತು.

ಮಗಳು ಊಟ ಮಾಡುವ ಕೈಯಿಂದ ತಾಯಿಯ ಬೆರಳು ಹಿಡಿದು, ಬಟ್ಟೆಯ ಮೇಲೆ, ಹೊಲಿಗೆ ಹಾಕಿದ ಗಾಯದ ಮೇಲೆ ತಂದಿಟ್ಟುಕೊಂಡಳು.

"ಇಲ್ಲಿ ಅಮ್ಮ," ಎಂದಳು. "ಮೆತ್ತಗೆ ಚುಚ್ಚು. ಇನ್ನೂ ನೋಯತ್ತೆ."